ಅತಿಥಿ ಖಾತೆ

ಪೋರ್ತೊ. ನದಿಗೆ ಬೆನ್ನು ಹಾಕಿದ ಹಳೆಯ ಗೋದಾಮು.
ಕೆಳಗೆ ಒಡೆದ ನೀಲಿ ಬಿಲ್ಲೆಗಳ ಪೆಟ್ಟಿಗೆಗಳು,
ಮೇಲೆ ಅವುಗಳ ಚಿತ್ರಗಳನ್ನೆಲ್ಲ ಹೊತ್ತ ನನ್ನ ಸರ್ವರ್,
ಸಿಂಕಿನ ಪಕ್ಕದ ಕಪಾಟಿನಲ್ಲಿ,
'ಇದರ ಮೇಲೆ ಬಟ್ಟೆ ಒಣಹಾಕಬೇಡಿ' ಎಂಬ ಚೀಟಿಯ ಕೆಳಗೆ.

ತೊಮೆ ಮ್ಯಾಕಿನಿಂದ ಬರುತ್ತಾನೆ,
ಹೋದಲ್ಲೆಲ್ಲ ಚುಕ್ಕೆಯಿಂದ ಶುರುವಾಗುವ ಪುಡಿ ಕಡತ ಉದುರಿಸುತ್ತ,
ಬಿಸ್ಕತ್ತು ತಿನ್ನುತ್ತ ಮನೆಯೆಲ್ಲ ಓಡಾಡುವ ಮಗುವಿನ ಹಾಗೆ.
ಒಫೇಲಿಯಾಳದು ವಿಂಡೋಸ್. ದೊಡ್ಡಕ್ಷರ, ಸಣ್ಣಕ್ಷರ, ಅವಳಿಗೆ ಎಲ್ಲ ಒಂದೇ.
ಬ್ರಿಜಿದಾಳ ಲಿನಕ್ಸಿಗೆ ಒಂದಲ್ಲ, ಎಂದೂ ಒಂದಲ್ಲ.
ಸೆಬಾಸ್ಟ್ಯಾಂವ್ ಓಣಿ ಎಂಬ ಫೋಲ್ಡರು ಒಂದು ದಿನ ಎರಡಾಗಿತ್ತು:
ಅಕ್ಷರವನ್ನೂ ಅದರ ತಲೆಯ ಅಲೆಗೆರೆಯನ್ನೂ
ಒಂದು ಯಂತ್ರ ಕೂಡಿಸಿ ಬರೆದಿತ್ತು, ಇನ್ನೊಂದು ಬಿಡಿಸಿ.
ಕಣ್ಣಿಗೆ ಒಂದೇ ಹೆಸರು. ಅರ್ಧ ಓಣಿ ಇಲ್ಲಿ, ಅರ್ಧ ಅಲ್ಲಿ.
ಕಾಗುಣಿತಕ್ಕಾಗಿ ಒಂದು ಕೇರಿ ಪಾಲಾದದ್ದನ್ನು
ನಾನು ಕಣ್ಣಾರೆ ಕಂಡಿದ್ದೇನೆ.

ಬಾಗಿಲಲ್ಲೊಂದು ಅನುಮತಿ, ಕಡತದ ಮೈಮೇಲೆ ಇನ್ನೊಂದು.
ಬಾಗಿಲು ಬಾ ಎಂದರೂ ಕಡತ ಬೇಡ ಎನ್ನಬಹುದು.
ದೇವರು ವರ ಕೊಟ್ಟರೂ ಪೂಜಾರಿ ಕೊಡ;
ಇಲ್ಲಿ ದೇವರೂ ನಾನೇ, ಪೂಜಾರಿಯೂ ನಾನೇ,
ಆದರೂ ಬೆಳಿಗ್ಗೆ ಒಂಬತ್ತಕ್ಕೆ ಮೂವರು ನಿಂತಿರುತ್ತಾರೆ: 'ತೆರೆಯುತ್ತಿಲ್ಲ.'
ತೆರೆಯುವುದಿಲ್ಲ, ಯಾಕೆಂದರೆ ತೊಮೆ
ಕಡತ ತೆರೆದಿಟ್ಟೇ ಲ್ಯಾಪ್‌ಟಾಪ್ ಮಡಚಿ ಊಟಕ್ಕೆ ಹೋದ,
ಊಟದಿಂದ ಮನೆಗೆ, ಮನೆಯಿಂದ ಅತ್ತೆಯ ಊರಿಗೆ.
ಅವನ ಸೆಷನ್ ಇನ್ನೂ ಇಲ್ಲೇ ಕೂತಿದೆ, ಕಡತದ ಕೈ ಹಿಡಿದು.
ಬಿಡಿಸುತ್ತೇನೆ. ಒಂದು ಸಾಲಿನ ಆಜ್ಞೆ. ಯಾರೂ ಅಳುವುದಿಲ್ಲ.

ಅತಿಥಿ ಎಂದರೆ ತಿಥಿ ನೋಡದೆ ಬರುವವನು.
ಈ ಅತಿಥಿಗೆ ತಿಥಿಯಷ್ಟೇ ಅಲ್ಲ, ಗಳಿಗೆಯೂ ಇತ್ತು:
ದಿನಾ ರಾತ್ರಿ ಎರಡು ಹತ್ತು. ಸೆಬಾಸ್ಟ್ಯಾಂವ್ ಓಣಿ. ಏಳನೆಯ ಗೋಡೆ.
ನಲವತ್ತು ನಿಮಿಷ ಒಂದೇ ಚಿತ್ರ.
ಏನನ್ನೂ ಒಯ್ದಿಲ್ಲ, ಏನನ್ನೂ ಅಳಿಸಿಲ್ಲ.
ಲಿಸ್ಬನ್ನಿನಿಂದ ಪತ್ರ ಬಂತು: ಶುಕ್ರವಾರದೊಳಗೆ ಅತಿಥಿ ಖಾತೆ ಮುಚ್ಚಿ.
ಮುಚ್ಚುವ ಮುಂಚೆ ಮುಖವನ್ನಾದರೂ ನೋಡೋಣವೆಂದು
ಗುರುವಾರ ರಾತ್ರಿ ಉಳಿದೆ:
ಸಾರ್ಡೀನ್ ಡಬ್ಬಿ, ರೊಟ್ಟಿ, ಅಣ್ಣನ ಕೋಟು.

ಕಾವಲುಗಾರ ಅದೇರಿತು. ಅರವತ್ತು ದಾಟಿದವನು.
ಸ್ವಾಗತದ ಮೇಜಿನ ಹಳೆಯ ಯಂತ್ರದೆದುರು
ಟೋಪಿ ತೆಗೆದಿಟ್ಟು ಕೂತಿದ್ದ.
ಅವನು ಬೆಚ್ಚಲಿಲ್ಲ; ಬೆಚ್ಚಿದವಳು ನಾನು.
'ಹಾಲಿನಂಗಡಿಯ ಗೋಡೆ ಇದು,' ಎಂದ.
'ಹುಡುಗರಾಗಿದ್ದಾಗ ಚೆಂಡು ಒದೆಯುತ್ತಿದ್ದದ್ದು ಇದಕ್ಕೇ.
ಮೂರನೆಯ ಸಾಲಿನ ಬಾತುಕೋಳಿಗಳನ್ನು ನೋಡಿ.
ಅದರ ಜಾಗದಲ್ಲಿ ಇದು, ಇದರ ಜಾಗದಲ್ಲಿ ಅದು.
ಈಗ ಎರಡೂ ಹುಡುಗಿಗೆ ಬೆನ್ನು ತಿರುಗಿಸಿವೆ.
ಅವಳ ಕೈಯಲ್ಲಿ ರೊಟ್ಟಿ ಇದೆಯಲ್ಲ, ಬೆನ್ನು ತಿರುಗಿಸುತ್ತವೆಯೇ?'

'ಹೇಳಬಾರದಿತ್ತೇ?'
'ಬರೆದಿಡಲು ಹೋದೆ. ಓದಲು ಮಾತ್ರ, ಎಂದಿತು.'
'ಯಾವಾಗ?'
'ಮಾರ್ಚಿನಿಂದ.'

ಲಾಗ್ ತೆಗೆದು ನೋಡಿದೆ. ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ.
ಏಳು ತಿಂಗಳು, ನನ್ನದೇ ಮನೆಯ ಕದ ತಟ್ಟಿದ ಸದ್ದು.
ದಿನಾ ಬೆಳಿಗ್ಗೆ ಅದನ್ನು ಧೂಳೆಂದು ಒರೆಸಿ ಮುಂದೆ ಹೋಗಿದ್ದೆ.

ಖಾತೆ ಮುಚ್ಚಿದೆ, ಪತ್ರದ ಮಾತಿನಂತೆ.
ಅವನೆದುರೇ ಹೊಸದೊಂದು ತೆರೆದೆ.
ಪೂರ್ತಿ ಹೆಸರು ಕೇಳಿದರೆ ಐದು ತುಂಡು, ಅಜ್ಜಿಯ ಮನೆತನವೂ ಸೇರಿ.
'ಎರಡನೆಯ ಸ್ವರದ ಮೇಲೆ ಗೀಟಿದೆ, ಬಿಡಬೇಡಿ.' ಬಿಡಲಿಲ್ಲ.
ಓದಲು ನಾಲ್ಕು. ಬರೆಯಲು ಎರಡು. ಕೂಡಿದರೆ ಆರು.
ಒಂದೇ ಕಡತಕ್ಕೆ. ಹೆಚ್ಚು ಬೇಡವೆಂದವನು ಅವನೇ.
ಪಾಸ್‌ವರ್ಡ್ ಇಡುವಾಗ ನಾನು ಕಿಟಕಿಯತ್ತ ತಿರುಗಿದೆ.
ಒಂದೇ ಬೆರಳು, ಒಂದೊಂದೇ ಕೀಲಿ, ಬಹಳ ಹೊತ್ತು.
ನದಿಯಾಚೆ ಯಾರದೋ ಲಾರಿ ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು.

ಸೋಮವಾರ ಬ್ರಿಜಿದಾ ಸಿಡುಕುತ್ತಲೇ ಬಂದಳು:
'ನನ್ನ ಬಾತುಕೋಳಿ ಕದಲಿಸಿದ್ದು ಯಾರು?'
'ಲಾಗ್ ನೋಡು,' ಎಂದೆ.
ಹೆಸರಿತ್ತು, ಗೀಟು ಸಮೇತ.
ಎರಡು ಹತ್ತಕ್ಕೆ ಉಳಿಸಿದ್ದ.
ಎರಡು ಹನ್ನೊಂದಕ್ಕೆ ಮತ್ತೊಮ್ಮೆ,
ಉಳಿಯಿತೋ ಇಲ್ಲವೋ ಎಂದು.